ಅಕ್ಕನ ರಕ್ತದ ಫೋಟೋ ತೊಳೆದದ್ದು

ಆಸ್ಪತ್ರೆಯಿಂದ ಬಂದ ಮೊದಲ ರೋಲನ್ನು ನಾನು ಹಾಳು ಮಾಡಿದೆ. ಕೆಲಸ ಚೆನ್ನಾಗಿ ಬರುತ್ತಿದ್ದದ್ದೇ ಅದಕ್ಕೆ ಕಾರಣ.

ಬೈಕುಲ್ಲಾದಲ್ಲಿ ನಮ್ಮ ಸೇಠನ ಸ್ಟುಡಿಯೋ. ಮುಂದೆ ಫೋಟೋ ತೆಗೆಯುವ ಕೋಣೆ, ಹಿಂದೆ ಡಾರ್ಕ್‌ರೂಮ್. ಹಿಂದಿನದು ನನ್ನದು. ಮದುವೆ ಹೆಣ್ಣಿನ ಮುಖದ ಮೈಲಿ ಕಲೆ, ಮುದುಕರ ಕಣ್ಣ ಕೆಳಗಿನ ಸುಕ್ಕು, ಗಾಜಿನ ಮೇಲೆ ಕೂತ ಧೂಳು, ಇವನ್ನೆಲ್ಲ ನೆಗೆಟಿವ್ ಮೇಲೆಯೇ ಸಣ್ಣ ಬ್ರಷ್ಷಿನಿಂದ ತುಂಬಿ ಅಳಿಸುವುದಕ್ಕೆ ನಾವು ಟಚಿಂಗ್ ಅನ್ನುತ್ತೇವೆ. ದಾದರ್‌ವರೆಗೆ ಹುಡುಕಿದರೂ ಇಂಥ ಟಚಿಂಗ್ ಸಿಗುವುದಿಲ್ಲ ಅಂತ ಸೇಠ ಗಿರಾಕಿಗಳ ಮುಂದೆ ಹೇಳುತ್ತಿದ್ದ. ಅವನು ವ್ಯಾಪಾರಕ್ಕೆ ಹೇಳುತ್ತಿದ್ದ. ನಾನು ಅದನ್ನು ನಿಜವೆಂದೇ ನಂಬಿದ್ದೆ, ಈಗಲೂ ನಂಬುತ್ತೇನೆ. ಐದನೇ ಇಯತ್ತೆಗೆ ಸಾಲಿ ಬಿಟ್ಟವನಿಗೆ ಕೈಯಲ್ಲಿರುವುದೇ ಸರ್ಟಿಫಿಕೇಟು.

ಆ ರೋಲಿನಲ್ಲಿ ಮುಖಗಳಿರಲಿಲ್ಲ. ಮೈಕ್ರೋಸ್ಕೋಪಿಗೆ ಕ್ಯಾಮೆರಾ ಕೂಡಿಸಿ ತೆಗೆದದ್ದು. ಮುರಿದ ಶಾವಿಗೆ ಚೂರು ನೆಲದ ಮೇಲೆ ಚೆಲ್ಲಿದ ಹಾಗೆ ಕಡ್ಡಿಗಳು. ಕೆಲವು ಉದ್ದ, ಕೆಲವು ಗಿಡ್ಡ, ಅಂಚಿನಲ್ಲಿ ಸಾಸಿವೆಯಂಥ ಒಂದೆರಡು ಚುಕ್ಕಿ. ಆ ಚುಕ್ಕಿಗಳನ್ನು ನಾನು ಧೂಳು ಅಂದುಕೊಂಡೆ. ಬ್ರಷ್ ತೆಗೆದುಕೊಂಡು ನೀಟಾಗಿ ತುಂಬಿದೆ. ಪ್ರಿಂಟ್ ತೆಗೆದಾಗ ಎಷ್ಟು ಸ್ವಚ್ಛ ಬಂದಿತ್ತೆಂದರೆ ನನಗೇ ಖುಷಿಯಾಯಿತು.

ಮರುದಿನ ಆಸ್ಪತ್ರೆಯ ಲೇಡಿ ಡಾಕ್ಟರ್ ತಾವೇ ಬಂದರು, ಎಲ್ಲರೂ ಅವರನ್ನು ಡಾಕ್ಟರ್ ಬಾಯಿ ಅನ್ನುತ್ತಿದ್ದರು. ಮರಾಠಿಯವರು, ನನ್ನೊಡನೆ ಹಿಂದಿಯಲ್ಲಿ ಮಾತು. ಪ್ರಿಂಟನ್ನು ಕೌಂಟರಿನ ಮೇಲಿಟ್ಟು ಕೇಳಿದರು.

"ಮಾಸ್ಟರ್, ಎರಡು ಎಲ್ಲಿ ಹೋದವು?"

"ಏನು ಎರಡು?"

"ಮನುಷ್ಯನಿಗೆ ಇವು ನಲವತ್ತಾರು ಇರಬೇಕು. ನಿಮ್ಮ ಫೋಟೋದಲ್ಲಿ ನಲವತ್ತನಾಲ್ಕೇ ಇವೆ. ಈ ಮನುಷ್ಯ ನಿನ್ನೆ ನನ್ನೆದುರು ಕೂತು ಚಹಾ ಕುಡಿದಿದ್ದಾನೆ."

"ಧೂಳಿತ್ತು ಮೇಡಂ. ತೆಗೆದೆ."

ಅವರು ನಕ್ಕುಬಿಟ್ಟರು. ಸೇಠನೂ ನಕ್ಕ. ನನಗೆ ನಗು ಬರಲಿಲ್ಲ. "ಅದು ಧೂಳಲ್ಲ," ಅಂದರು, "ಕ್ರೋಮೋಸೋಮು. ಎಲ್ಲಕ್ಕಿಂತ ಸಣ್ಣವು. ಇಲ್ಲಿ ಯಾರನ್ನೂ ಚೆಂದ ಮಾಡಬೇಡಿ. ಇದ್ದದ್ದು ಇದ್ದ ಹಾಗೆ ಬೇಕು."

ಅವತ್ತು ಸಂಜೆ ನಾನೇ ಆಸ್ಪತ್ರೆಗೆ ಹೋದೆ. ನನ್ನ ಕೆಲಸದಲ್ಲಿ ತಪ್ಪು ಹಿಡಿದವರು ಆ ತಪ್ಪನ್ನು ತೋರಿಸಿಯೂ ಕೊಡಬೇಕು ಅಂತ ನನ್ನ ಹಟ. ಅವರು ತೋರಿಸಿದರು. ಒಂದು ಚಮಚೆಯಷ್ಟು ರಕ್ತ ತೆಗೆದು, ಅದಕ್ಕೆ ಒಂದು ಜಾತಿಯ ಕಾಳಿನ ಸತ್ವ ಹಾಕಿ, ಮೈ ಬೆಚ್ಚಗಿರುವಷ್ಟೇ ಬೆಚ್ಚಗಿನ ಪೆಟ್ಟಿಗೆಯಲ್ಲಿ ಮೂರು ದಿನ ಇಡುತ್ತಾರೆ. ರಕ್ತದ ಕಣಗಳು ಒಂದಿದ್ದದ್ದು ಎರಡಾಗಲು ಶುರು ಮಾಡುತ್ತವೆ. ಸರಿಯಾಗಿ ಅರ್ಧದಲ್ಲಿ ಒಂದು ಔಷಧಿ ಹಾಕಿ ಅವನ್ನು ನಿಲ್ಲಿಸುತ್ತಾರೆ. ತೆಳು ಉಪ್ಪುನೀರಿನಲ್ಲಿ ಉಬ್ಬಿಸಿ, ತಣ್ಣಗಿನ ಒದ್ದೆ ಗಾಜಿನ ಮೇಲೆ ಮೇಲಿನಿಂದ ಒಂದೊಂದೇ ಹನಿ ಬೀಳಿಸುತ್ತಾರೆ. ಬಿದ್ದ ಪೆಟ್ಟಿಗೆ ಕಣ ಒಡೆದು ಒಳಗಿದ್ದದ್ದು ಹರಡಿಕೊಳ್ಳುತ್ತದೆ. ಬಣ್ಣ ಹಾಕಿ ಫೋಟೋ ತೆಗೆಯುತ್ತಾರೆ. ಆಮೇಲೆ ಒಂದೊಂದನ್ನೂ ಕತ್ತರಿಯಿಂದ ಕತ್ತರಿಸಿ, ಉದ್ದದಿಂದ ಗಿಡ್ಡಕ್ಕೆ, ಜೋಡಿ ಜೋಡಿಯಾಗಿ ಕಾರ್ಡಿನ ಮೇಲೆ ಅಂಟಿಸುತ್ತಾರೆ. ಒಂದು ತಾಯಿಯದು, ಒಂದು ತಂದೆಯದು.

"ಪ್ರತಿಯೊಂದರಲ್ಲೂ ಡಿಎನ್ಎ ಅನ್ನುವ ದಾರ ಸುತ್ತಿಕೊಂಡಿದೆ," ಅಂದರು ಬಾಯಿ. "ನಿಮ್ಮ ಮೂಗು, ಬಣ್ಣ, ಕೆಲವು ಕಾಯಿಲೆ, ಎಲ್ಲ ಅದರಲ್ಲಿ. ದಾರ ಒಂದು ಕಡೆ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ."

ಅಂದಿನಿಂದ ಆ ಕೆಲಸ ನನ್ನದಾಯಿತು. ಅದಕ್ಕೆ ಗಡಸು ಪೇಪರ್ ಬೇಕು, ಡೆವಲಪರ್ ಬೇರೆ ಕಲಸಬೇಕು, ನೀರು ತಣ್ಣಗಿರಬೇಕು. ಮೇ ತಿಂಗಳಲ್ಲಿ ಬೈಕುಲ್ಲಾದ ನಲ್ಲಿ ನೀರು ಕಾಯಿಸಿದಂತೆ ಬರುತ್ತದೆ, ಟ್ರೇ ಕೆಳಗೆ ಬರ್ಫ ಇಟ್ಟು ತೊಳೆಯುತ್ತಿದ್ದೆ. ಕತ್ತರಿಸುವುದನ್ನೂ ಬಾಯಿ ನನಗೇ ಕೊಟ್ಟರು. ಅಂಟಿಸುವುದು ಮಾತ್ರ ಅವರದು.

ಮಕ್ಕಳ ಮುಖದ ಫೋಟೋ ತೆಗೆಯುವುದೂ ಬಂತು. ಎದುರಿನಿಂದ ಒಂದು, ಪಕ್ಕದಿಂದ ಒಂದು. ಗುಜರಾತಿ ಮಗು, ಮೀನು ಹಿಡಿಯುವ ಕೋಳಿ ಜನರ ಮಗು, ಮುಸಲ್ಮಾನರ ಮಗು. ಕಾರ್ಡಿನಲ್ಲಿ ಆ ಸಣ್ಣ ಚುಕ್ಕಿ ಎರಡರ ಬದಲು ಮೂರು ಇದ್ದ ಮಕ್ಕಳೆಲ್ಲ ಒಬ್ಬ ತಾಯಿಯ ಹೊಟ್ಟೆಯಿಂದ ಬಂದವರ ಹಾಗೆ ಕಾಣುತ್ತಿದ್ದರು. ಮೇಲಕ್ಕೆ ವಾರೆಯಾದ ಕಣ್ಣು, ಚಪ್ಪಟೆ ಮೂಗು, ಹೊರಗೆ ಚಾಚಿದ ನಾಲಗೆ. ಒಂದು ದಿನ ಅಂಥ ಫೋಟೋ ಒಣಗಲು ಕ್ಲಿಪ್ಪಿಗೆ ಹಾಕುವಾಗ ಗೋರೆಗಾಂವಿನ ನನ್ನ ಅಕ್ಕನ ಮಗ ನೆನಪಾದ. ಅವನದೂ ಇದೇ ಮುಖ. ಐದು ವರ್ಷವಾಗಿದ್ದರೂ ಎರಡೇ ಮಾತು ಬರುತ್ತಿದ್ದವು. ಊರಲ್ಲಿ ಗ್ರಹಣ ಅಂದಿದ್ದರು, ದೇವರ ಸಿಟ್ಟು ಅಂದಿದ್ದರು. ಅಕ್ಕನ ಅತ್ತೆ ಸೊಸೆಯ ಹೊಟ್ಟೆ ಸರಿಯಿಲ್ಲ ಅಂದಿದ್ದಳು. ಮಗನಿಗೆ ಇನ್ನೊಂದು ಲಗ್ನ ಮಾಡಬೇಕು ಅಂತ ಅವಳ ಮಾತು ಪ್ರತಿ ವರ್ಷ ಒಮ್ಮೆಯಾದರೂ ಏಳುತ್ತಿತ್ತು.

ಅಕ್ಕನಿಗೆ ಅವನಿಗಿಂತ ಮೊದಲು ಹುಟ್ಟಿದ ಮಗಳಿದ್ದಳು. ಅವಳು ಹುಟ್ಟಿದಾಗ ನಮ್ಮವ್ವ ಆ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ, "ನೋಡೋ, ನಿನ್ನ ಹೇಣ್ತಿ," ಅಂದಿದ್ದಳಂತೆ. ನಮ್ಮ ಕಡೆ ಅಕ್ಕನ ಮಗಳು ತಮ್ಮನಿಗೆ. ಅದನ್ನು ಯಾರೂ ಮತ್ತೆ ಮಾತಾಡಿ ನಿಶ್ಚಯ ಮಾಡಬೇಕಾಗಿರಲಿಲ್ಲ. ಹುಡುಗಿಯ ಮೆಟ್ರಿಕ್ ಮುಗಿದಿತ್ತು. ದೀಪಾವಳಿ ಆದಮೇಲೆ ಮದುವೆ ಅಂತ ಎಲ್ಲರ ಲೆಕ್ಕ.

ಅಕ್ಕನ ಮಗನನ್ನು ಆಸ್ಪತ್ರೆಗೆ ಕರೆತಂದೆ. ಬಾಯಿ ಅವನನ್ನು ನೋಡಿದ ಕೂಡಲೇ ಕಾಯಿಲೆಯ ಹೆಸರು ಹೇಳಿದರು. ರಕ್ತ ತೆಗೆದರು. ಫೋಟೋ ತೊಳೆದು ಕತ್ತರಿಸಿ ಕೊಟ್ಟೆ. ಅಂಟಿಸಿ ಮುಗಿಸಿದ ಮೇಲೆ ಅವರು ಕಾರ್ಡನ್ನು ನನ್ನ ಕಡೆ ತಿರುಗಿಸಿದರು.

"ಎಣಿಕೆ ನಲವತ್ತಾರೇ ಇದೆ," ಅಂದರು. "ಮೂರನೆಯ ಸಣ್ಣದು ಬಿಡಿಯಾಗಿಲ್ಲ. ಇಲ್ಲಿ ನೋಡಿ, ಈ ದೊಡ್ಡದರ ತಲೆಗೆ ಅಂಟಿಕೊಂಡಿದೆ. ಬಿಡಿಯಾಗಿದ್ದರೆ ಒಮ್ಮೆ ಆದ ಆಕಸ್ಮಿಕ ಅನ್ನಬಹುದಿತ್ತು. ಇದು ತಾಯಿಯಿಂದಲೋ ತಂದೆಯಿಂದಲೋ ಬಂದಿರಬಹುದು. ಇಬ್ಬರ ರಕ್ತವೂ ಬೇಕು."

ಅಕ್ಕ ಬಂದಳು. ಭಾವ ಬರಲಿಲ್ಲ. ಅವನು ಗವಂಡಿ, ಗೋರೆಗಾಂವಿನಲ್ಲಿ ಏಳುತ್ತಿದ್ದ ಕಾಲನಿಗಳಲ್ಲಿ ಅವನ ಕೆಲಸ. ಗಾರೆ ಹತ್ತಿದ ಕೈಯಲ್ಲೇ ನನಗೆ ಉತ್ತರ ಕೊಟ್ಟ. "ನನ್ನ ರಕ್ತ ಯಾಕ ಬೇಕೋ? ನಾ ಏನ್ ಬ್ಯಾನಿ ಬಿದ್ದೀನಿ?" ಅಕ್ಕ ಏನು ಹೇಳಿದಳೋ, ಮುಂದಿನ ರವಿವಾರ ಬಂದು ತೋಳು ಚಾಚಿ, ಕಣ್ಣು ಮುಚ್ಚಿ ಕೂತ. ಹೊಡೆದ ಸೂಜಿಗಿಂತ ದೊಡ್ಡದಾಗಿ ಕೂಗಿದ.

ಆ ಸಲದ್ದೆಲ್ಲ ಕೆಟ್ಟಿತು. ಮಳೆಗಾಲ, ಬಾಟಲಿಗೆ ಬೂಸು ಹಿಡಿದಿತ್ತು. ಬಾಯಿ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿ ಚೆಲ್ಲಿದರು. ಮತ್ತೆ ಕರೆಯಬೇಕು. ಭಾವನ ಮುಂದೆ ಹೇಗೆ ಹೇಳುವುದು ಅಂತ ಲೋಕಲಿನಲ್ಲಿ ಉದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ.

"ಮದಲಿನ ರಕ್ತ ಏನ್ ಮಾಡಿದ್ರಿ?" ಅಂದ ಭಾವ. "ಚಟ್ನಿ ಅರದ್ರೇನು?"

"ಬೂಸ್ ಹಿಡೀತು."

"ನನ್ನ ರಕ್ತಕ್ಕ ಬೂಸ್ ಹಿಡೀತು ಅಂತ ಹೇಳಾಕ ಬೈಕುಲ್ಲಾದಿಂದ ಇಲ್ಲೀತನಕ ಬಂದಿ?"

ಅಕ್ಕ ಒಲೆಯ ಮುಂದೆ ಕೂತು ನಗು ತಡೆಯುತ್ತಿದ್ದಳು. ಆ ಮನೆಯಲ್ಲಿ ನಾನು ಕಂಡ ಅವಳ ನಗು ಬಹುಶಃ ಅದೊಂದೇ. ಭಾವ ಎರಡನೇ ಸಲವೂ ಬಂದ. ಈ ಸಲ ಕೂಗಲಿಲ್ಲ.

ಅಕ್ಕನ ರೋಲು ಒಂದು ಮಧ್ಯಾಹ್ನ ಬಂತು. ಮುಂದೆ ಸೇಠ ಒಂದು ಗೋವಾದವರ ಕುಟುಂಬವನ್ನು ಕೂಡಿಸಿಕೊಂಡು "ಸ್ಮೈಲ್, ಸ್ಮೈಲ್" ಅನ್ನುತ್ತಿದ್ದ. ಪರದೆ ಎಳೆದು ಕೆಂಪು ದೀಪ ಹಚ್ಚಿದೆ. ಪೇಪರ್ ಡೆವಲಪರಿಗೆ ಬಿಟ್ಟೆ. ಮೊದಲು ಉದ್ದ ಕಡ್ಡಿಗಳು ಬಂದವು, ಆಮೇಲೆ ಗಿಡ್ಡವು. ಒಂದು ವರ್ಷದಿಂದ ಕತ್ತರಿಸುತ್ತಿದ್ದವನಿಗೆ ಎಣಿಸಬೇಕಾಗುವುದಿಲ್ಲ, ಕಣ್ಣೇ ಎಣಿಸುತ್ತದೆ. ಒಂದು ಕಡಿಮೆ ಇತ್ತು. ಎಡ ಮೂಲೆಯಲ್ಲಿ ಆ ದೊಡ್ಡದು, ಅದರ ತಲೆಯ ಮೇಲೆ ಸಣ್ಣದು ಕೂತಿತ್ತು.

ನನಗೆ ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸಬೇಕು ಅಂತ ಮಾತ್ರ ಅನ್ನಿಸಿತು. ಕೈ ಟ್ರೇಯನ್ನು ಅಲುಗಿಸುತ್ತಲೇ ಇತ್ತು. ಹೊತ್ತು ಮೀರಿ ಆ ಪ್ರಿಂಟ್ ಕಪ್ಪಾಯಿತು. ಇನ್ನೊಂದು ಪೇಪರ್ ತೆಗೆದುಕೊಂಡು ಮತ್ತೆ ಮಾಡಿದೆ. ಚಿತ್ರ ನಿಲ್ಲುವಂತೆ ಹೈಪೋದಲ್ಲಿ ಇಟ್ಟೆ, ತೊಳೆದೆ, ಒಣಗಿಸಿದೆ.

ಬಾಯಿ ಮೈಕ್ರೋಸ್ಕೋಪಿನಲ್ಲೇ ನೋಡಿ ಮುಗಿಸಿದ್ದರು. ನನಗೆ ಹೇಳುವುದು ಹೇಗೆ ಅಂತ ಅವರೂ ಯೋಚಿಸುತ್ತಿದ್ದರು ಅಂತ ಕಾಣುತ್ತದೆ. ಪ್ರಿಂಟ್ ಮೇಜಿನ ಮೇಲಿಟ್ಟಾಗ ಅದನ್ನು ನೋಡದೆ ನನ್ನ ಮುಖ ನೋಡಿದರು.

"ನಿಮ್ಮ ಅಕ್ಕನಿಗೆ ಏನೂ ಕಾಯಿಲೆ ಇಲ್ಲ," ಅಂದರು. "ಅವರಲ್ಲಿ ಏನೂ ಹೆಚ್ಚಿಲ್ಲ, ಏನೂ ಕಡಿಮೆಯಿಲ್ಲ. ಎರಡು ಒಂದಕ್ಕೊಂದು ಅಂಟಿವೆ ಅಷ್ಟೆ. ಮಕ್ಕಳಿಗೆ ಹಂಚುವಾಗ ತೊಂದರೆ. ಒಂದು ಮಗುವಿಗೆ ಸರಿಯಾಗಿ ಹೋಗುತ್ತದೆ, ಒಂದಕ್ಕೆ ಈ ಅಂಟಿದ್ದೂ ಬಿಡಿಯದೂ ಎರಡೂ ಹೋಗುತ್ತವೆ, ಕೆಲವು ಬಸಿರು ನಿಲ್ಲುವುದೇ ಇಲ್ಲ." ಆಮೇಲೆ ಕೇಳಿದರು, "ನಿಮ್ಮ ತಾಯಿಗೆ ಬಸಿರು ಇಳಿದದ್ದುಂಟಾ?"

ಉಂಟು. ಅಕ್ಕನಿಗೂ ನನಗೂ ನಡುವೆ ಅಷ್ಟು ವರ್ಷ ಅಂತರ ಯಾಕೆ ಅಂತ ಕೇಳಿದಾಗಲೆಲ್ಲ ನಮ್ಮವ್ವ "ನಿಲ್ಲಲಿಲ್ಲ" ಅನ್ನುತ್ತಿದ್ದಳು. ಒಂದೇ ಮಾತು, ಮತ್ತೆ ಕೆಲಸಕ್ಕೆ ಏಳುತ್ತಿದ್ದಳು. ಅದನ್ನು ಬಾಯಿಗೆ ಹೇಳಿ ಅಂಗಿಯ ತೋಳು ಮಡಿಚಿದೆ.

ನನ್ನ ರಕ್ತ ನಾನೇ ತೊಳೆದೆ. ಅಕ್ಕನದಕ್ಕೂ ನನ್ನದಕ್ಕೂ ಗುರುತು ಬರೆಯದೆ ಇಟ್ಟಿದ್ದರೆ ಯಾವುದು ಯಾರದು ಅಂತ ಒಂದೇ ನೋಟಕ್ಕೆ ಹೇಳಲು ನನಗೆ ಆಗುತ್ತಿರಲಿಲ್ಲ. ಹೆಣ್ಣು ಗಂಡಿನ ಆ ಒಂದು ಜೋಡಿ ಬಿಟ್ಟರೆ ಉಳಿದದ್ದೆಲ್ಲ ಅದೇ, ದೊಡ್ಡದರ ತಲೆಗೆ ಅಂಟಿದ ಆ ಸಣ್ಣದೂ.

ಮದುವೆಯ ಮಾತು ಬಾಯಿಗೆ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. "ಹುಡುಗಿಯಲ್ಲೂ ಇದ್ದರೆ ನೀವಿಬ್ಬರೂ ಆಗಬೇಡಿ, ಅದು ನಾನು ಖಂಡಿತ ಹೇಳುತ್ತೇನೆ. ಇಲ್ಲದಿದ್ದರೆ ನಿಮ್ಮಿಂದ ಬರುವುದು ಮಾತ್ರ. ಗಂಡಸಿನಿಂದ ಬರುವುದು ಕಡಿಮೆ ಅಂತ ಈಗ ತಿಳಿದಿರುವುದು. ಇಲ್ಲವೇ ಇಲ್ಲ ಅನ್ನಲಾರೆ." ಆಮೇಲೆ ಹೇಳಿದರು, "ಅಕ್ಕನ ಫಲಿತಾಂಶ ಅಕ್ಕನದು. ಅದು ಅವರ ಕಿವಿಗೆ ಮೊದಲು ಹೋಗಬೇಕು. ಬೇರೆಯವರಿಗೆ ಹೇಳುವುದು ಬಿಡುವುದು ಅವರಿಷ್ಟ."

ಹುಡುಗಿಯ ರಕ್ತವೂ ಆಯಿತು. ಅವಳದು ಸ್ವಚ್ಛ. ಎಲ್ಲ ಬಿಡಿಬಿಡಿ, ಜೋಡಿಜೋಡಿ.

ಅದನ್ನು ಹೇಳಲು ಅಕ್ಕನನ್ನೂ ಹುಡುಗಿಯನ್ನೂ ಆಸ್ಪತ್ರೆಗೆ ಕರೆಸಿದ್ದೆವು. ಬಾಯಿ ಹೇಳಿದರು, ನಾನು ಕನ್ನಡ ಮಾಡಿದೆ. ಅಕ್ಕ ತಲೆಯಾಡಿಸುತ್ತ ಕೇಳಿದಳು. ದಾದರಿನಲ್ಲಿ ಸೇತುವೆ ದಾಟಿ ಗೋರೆಗಾಂವ್ ಗಾಡಿಗೆ ಕಾಯುವಾಗ ಬೆಂಚಿನ ಮೇಲೆ ಕೂತು ಮಾತು ತೆಗೆದಳು.

"ನಮ್ಮತ್ತಿ ಕಿವಿಗೆ ಬಿತ್ತಂದ್ರ ನನ್ನ ಊರಿಗೆ ಅಟ್ಟತಾಳೋ. ಇಷ್ಟ ದಿನ ಬರೇ ಬಾಯಿಮಾತಿತ್ತು. ಈಗ ಫೋಟೋನ ಸಿಕ್ಕತಿ. ಹುಡುಗನ್ನ ಯಾರ್ ನೋಡತಾರ?"

"ಯಾರಿಗೂ ಹೇಳೂದು ಬ್ಯಾಡ," ಅಂದೆ. "ದೋಷ ನನ್ನ ರಕ್ತದಾಗ ಐತಿ ಅಂತೀನಿ. ಲಗ್ನ ನಾನ ಬಿಡತೀನಿ. ಹುಡುಗಿಯದು ಸ್ವಚ್ಛ ಐತಿ, ಹೊರಗ ಕೊಡ್ರಿ."

ಅದು ನಾನು ಆಸ್ಪತ್ರೆಯಿಂದ ಇಳಿಯುವಾಗಲೇ ಮಾಡಿದ ನಿರ್ಧಾರ. ದೊಡ್ಡದೇನೋ ಮಾಡುತ್ತಿದ್ದೇನೆ ಅನ್ನುವ ಜಂಬ ಒಳಗೆಲ್ಲೋ ಇದ್ದಿರಬೇಕು. ಹುಡುಗಿ ಅದನ್ನು ಅಲ್ಲೇ ಇಳಿಸಿದಳು. ಅವಳ ಕನ್ನಡ ಮುಂಬಯಿಯ ಕನ್ನಡ, ಅರ್ಧ ಹಿಂದಿ.

"ಮಾಮಾ, ಡಾಕ್ಟರ್ ಕಮ್ಮಿ ಐತಿ ಅಂದ್ರಲಾ? ಫಿರ್ ಭೀ ಬಿಡತೀರಿ?"

"ಇಲ್ಲ ಅಂದಿಲ್ಲಲ್ಲ."

"ತಮ್ಮನಂಥಾದು ಹುಟ್ಟಿದ್ರ ಏನಾಗತೈತಿ?"

ಅವಳ ತಮ್ಮನನ್ನು ಅವಳೇ ಎತ್ತಿ ಬೆಳೆಸಿದ್ದಳು. ಗಾಡಿ ಬರುವ ಸದ್ದಾಯಿತು. ಅವಳು ಎದ್ದು ಸೆರಗು ಸುತ್ತಿಕೊಂಡು ಅಂದಳು, "ಲಗ್ನ ಫಿಕ್ಸ್ ಮಾಡುಮುಂದೂ ನನ್ನ ಕೇಳಲಿಲ್ಲ. ಕ್ಯಾನ್ಸಲ್ ಮಾಡುಮುಂದೂ ಕೇಳಲಿಲ್ಲ. ಚಲೋ ಆತು ಬಿಡ್ರಿ." ಅದು ಸಿಟ್ಟೋ ಸಮಾಧಾನವೋ ನನಗೆ ಅವತ್ತು ತಿಳಿಯಲಿಲ್ಲ. ಹೆಂಗಸರ ಡಬ್ಬಿಗೆ ಇಬ್ಬರೂ ಹತ್ತಿದರು.

ಇದನ್ನು ಬರೆಯುವ ಹೊತ್ತಿಗೆ ಅಕ್ಕ ಇಲ್ಲ, ಭಾವನೂ ಇಲ್ಲ. ಅದಕ್ಕೇ ಬರೆಯಬಹುದಾಗಿದೆ.

ಮುಂದಿನ ರವಿವಾರ ಗೋರೆಗಾಂವಿನ ಚಾಳಿನಲ್ಲಿ ಭಾವನ ಎದುರು, ಅವನ ತಾಯಿಯ ಎದುರು ಹೇಳಿದೆ. ಅಕ್ಕ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು. ಹುಡುಗ ನನ್ನ ಚಪ್ಪಲಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ.

"ದೋಷ ನನ್ನಲ್ಲಿ ಐತಿ. ರಕ್ತದಾಗ. ಡಾಕ್ಟರ್ ನೋಡ್ಯಾರ. ಹುಡುಗಿ ಆಯುಷ್ಯ ನಾ ಹಾಳ ಮಾಡಂಗಿಲ್ಲ."

"ಎಂಥಾ ದೋಷೋ?" ಅಂದಳು ಮುದುಕಿ. "ಉಣತಿ, ತಿರಗತಿ, ಗೂಳಿಯಂಗ ಅದಿ."

"ಮಕ್ಕಳ ವಿಷಯಕ್ಕ."

ಮುದುಕಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಬಾಗಿಲಾಚೆಗೂ ಕೇಳುವ ಹಾಗೆ ನಕ್ಕಳು. "ಹಂಗನ್ನಲಾ ಮತ್ತ! ಗಂಡಸಲ್ಲ ಅಂತ ಒಂದ ಮಾತಿನ್ಯಾಗ ಹೇಳಬಾರದ? ಅದಕ್ಕ ಡಾಕ್ಟರ್ ಯಾಕ ಬೇಕು? ಕತ್ತಲಿ ಖೋಲಿಯೊಳಗ ಕುಂತು ಕುಂತು ಹಂಗಾಗ್ಯಾನ."

ಅಂಥ ಮಾತನ್ನು ಬೇರೆ ಯಾವ ದಿನ ಯಾರು ಆಡಿದ್ದರೂ ನಾನು ಸುಮ್ಮನಿರುವವನಲ್ಲ. ಪಕ್ಕದ ಖೋಲಿಯ ರೇಡಿಯೋ ಸದ್ದು ಸಣ್ಣದಾದದ್ದು ಕೇಳಿಸಿತು. ಅಕ್ಕನ ಬೆನ್ನು ಅಲುಗಲಿಲ್ಲ. ಅವಳು ಬಾಯಿ ಬಿಟ್ಟುಬಿಟ್ಟರೆ ಅಂತ ನನಗೆ ಅದೊಂದೇ ಹೆದರಿಕೆ.

"ಸಾಕ ಬಿಡ ಯವ್ವಾ," ಅಂದ ಭಾವ. "ಹುಡುಗಿಗೆ ಬ್ಯಾರೆ ನೋಡೂಣು." ಎದ್ದು ಅಂಗಿ ಹಾಕಿಕೊಂಡ. "ನಡಿ, ಸ್ಟೇಶನ್ ತನಕ ಬರತೀನಿ."

ಆ ಸುದ್ದಿ ಚಾಳಿನಿಂದ ನಮ್ಮೂರಿಗೆ ಹೋಗಲು ಬಹಳ ದಿನ ಬೇಕಾಗಲಿಲ್ಲ. ಬೈಕುಲ್ಲಾದ ನಮ್ಮ ಕಡೆಯವರೂ ನನ್ನನ್ನು ಕಂಡಾಗ ಮಾತು ಬದಲಿಸುತ್ತಿದ್ದರು. ಹುಡುಗಿಗೆ ಬೊರಿವಲಿಯಲ್ಲಿ ಒಳ್ಳೆಯ ಮನೆ ಸಿಕ್ಕಿತು, ಮಕ್ಕಳಾದವು, ಚೆನ್ನಾಗಿವೆ. ನಾನು ಮದುವೆಯಾಗಲಿಲ್ಲ. ಆಗಬಾರದು ಅಂತ ಡಾಕ್ಟರ್ ಹೇಳಿರಲಿಲ್ಲ.

ಅವತ್ತು ಸ್ಟೇಶನ್ ದಾರಿಯಲ್ಲಿ ಭಾವ ಅರ್ಧ ಕಟ್ಟಿದ ಒಂದು ಬಿಲ್ಡಿಂಗಿನ ಮುಂದೆ ನಿಂತು, ಗೋಡೆಗೆ ಕೈಯಾಡಿಸಿ ಪ್ಲಾಸ್ಟರ್ ಹಾಕಿದವನನ್ನು ಬೈದ. ಆಮೇಲೆ ನನ್ನ ಕಡೆ ತಿರುಗದೆಯೇ ಅಂದ.

"ನಿಮ್ಮ ಡಾಕ್ಟರ್ ಬಾಯಿ ಹಂತ್ಯಾಕ ನಾ ಹೋಗಿದ್ನಿ. ನನ್ನ ರಕ್ತ ಏನಾತು ಅಂತ ಕೇಳಿದೆ. ನಿಮ್ಮದು ಸರಿ ಐತಿ ಅಂದ್ಲು. ಅಷ್ಟ ಅಂದ್ಲು, ಮುಂದ ಒಂದ ಮಾತಾಡಲಿಲ್ಲ."

ಕೈಗೆ ಹತ್ತಿದ ಗಾರೆಯ ಪುಡಿ ಕೊಡವಿ ಅವನೇ ಮುಂದುವರಿಸಿದ.

"ನಂದು ಸರಿ ಇದ್ರ ಹುಡುಗಗ ಎಲ್ಲಿಂದ ಬಂತು, ತಮ್ಮಾ? ನೀ ಈಗ ನಿನ್ನ ರಕ್ತದಾಗ ಐತಿ ಅಂತಿ. ನೀನೂ ಅಕೀನೂ ಒಂದ ಹೊಟ್ಟ್ಯಾಗಿಂದ ಬಂದವರು. ನಾ ಕಲ್ಲ ಕಟ್ಟಾಂವ. ತಲಿ ಕಲ್ಲಾಗಿಲ್ಲ."

"ಹಂಗಾರ..."

"ನಮ್ಮವ್ವಗ ತಿಳ್ಯಾಂಗಿಲ್ಲ. ನಾ ತಿಳಸಾಂವಲ್ಲ. ನನಗ ಗೊತ್ತೈತಿ ಅಂತ ನಿಮ್ಮ ಅಕ್ಕಗೂ ಹೇಳಬ್ಯಾಡ. ಹೇಳಿದ್ರ ಅಕಿ ದಿನಾ ನನ್ನ ಮಾರಿ ನೋಡಿ ಅಂಜತಾಳ."

ಸ್ಟೇಶನ್ ಮೆಟ್ಟಿಲ ಹತ್ತಿರ ಬಂದಿದ್ದೆವು. ಚರ್ಚಗೇಟ್ ಗಾಡಿ ಬಂದು ನಿಂತಿತ್ತು. ಓಡಿದ್ದರೆ ಸಿಗುತ್ತಿತ್ತು, ನಾನು ಓಡಲಿಲ್ಲ. ಭಾವ ಕತ್ತಿಗೆ ಸುತ್ತಿದ್ದ ಟವಲ್ಲಿನಿಂದ ಮುಖ ಒರೆಸಿಕೊಂಡ.

"ನಾ ಹೊಕ್ಕೀನಿ," ಅಂದ. "ನಾ ಹೋಗಿ ತುತ್ತು ಮಾಡಿ ಇಡೂತನಕ ಹುಡುಗ ಉಣ್ಣಾಕ ಬಾಯಿ ತಗ್ಯಾಂಗಿಲ್ಲ."

ಬಂದ ದಾರಿಯಲ್ಲೇ ಬೇಗ ಬೇಗ ನಡೆದುಕೊಂಡು ಹೋದ.